ತೂತಣಬೆಗೆ ಒಂದು ಹೆಸರು



ಅಣಬೆಯ ಬಗ್ಗೆ ಮಾತಾಡುತ್ತೇನೆ ಎಂದಾಗ ಸಂಘಟಕರು ಖುಷಿಪಟ್ಟರು. ಸಾರು, ಪಲ್ಯದ ಮಾತೂ ಬಂದೀತು ಎಂದು ಕೆಲವರು ಅಂದುಕೊಂಡಿರಬಹುದು. ನಾನು ಇವತ್ತು ಹೇಳಹೊರಟಿರುವುದು ನಮ್ಮ ಅಡುಗೆಮನೆಯ ಹೊಸ್ತಿಲು ದಾಟದ ಅಣಬೆಗಳ ಕಥೆ. ಮುಂಗಾರು ಹಿಡಿದು ಹದಿನೈದು ಇಪ್ಪತ್ತು ದಿನಕ್ಕೆ ಕಾಡಿನ ತರಗೆಲೆಯ ನಡುವೆ ದಪ್ಪ ಕಾಲಿನ ಮೇಲೆ ಬನ್ನಿನಂಥ ಟೋಪಿ ಹೊತ್ತು ಎದ್ದು ನಿಲ್ಲುತ್ತವಲ್ಲ, ಮಗುಚಿದರೆ ಅಡಿಯಲ್ಲಿ ಕಿವಿರಿನ ಪದರಗಳಿಲ್ಲದೆ ಸೂಜಿಯಲ್ಲಿ ಚುಚ್ಚಿದ ಹಾಗೆ ಬರೀ ತೂತುಗಳೇ ಇರುತ್ತವಲ್ಲ, ಆ ಗುಂಪು. ಶಾಸ್ತ್ರದವರು ಬೊಲೀಟ್ ಎನ್ನುತ್ತಾರೆ. ಕನ್ನಡದಲ್ಲಿ ಎಲ್ಲರೂ ಒಪ್ಪಿದ ಹೆಸರಿಲ್ಲ. ಇವತ್ತಿನ ಮಟ್ಟಿಗೆ ತೂತಣಬೆ ಎನ್ನುತ್ತೇನೆ. ನಿಮ್ಮ ಊರಲ್ಲಿ ಬಳಕೆಯಲ್ಲಿರುವ ಬೇರೆ ಮಾತು ಇದ್ದರೆ ಉಪನ್ಯಾಸ ಮುಗಿದ ಮೇಲೆ ದಯವಿಟ್ಟು ಹೇಳಿ. ನಾನು ಇಲ್ಲಿಗೆ ಬಂದ ಅರ್ಧ ಉದ್ದೇಶ ಅದೇ.

ಅಣಬೆಗೆ ಹೆಸರಿಡಲು ಬಾರದ ಜನ ನಾವೇನಲ್ಲ. ಹುತ್ತದ ಮಣ್ಣಿನಿಂದ ಏಳುವ ಅಣಬೆಗಳಿಗೆ ಮಲೆನಾಡಿನಲ್ಲಿ ಗಾತ್ರ ನೋಡಿ, ಬರುವ ಹೊತ್ತು ನೋಡಿ ಬೇರೆ ಬೇರೆ ಹೆಸರಿಟ್ಟಿದ್ದಾರೆ. ಕೊಡಗಿನಲ್ಲಿ ಕುಮ್ಮು ಎಂದರೆ ಸಾಕು, ಮನೆಮಂದಿಯೆಲ್ಲ ಬುಟ್ಟಿ ಹಿಡಿದು ಹೊರಡುತ್ತಾರೆ. ತುಳುನಾಡಿನಲ್ಲಿ ಮೊದಲ ಮಳೆ ಬಿದ್ದೊಡನೆ ಮುರಕಲ್ಲಿನ ನೆಲ ಕೆದಕಿ ಕಲ್ಲಲಾಂಬು ತೆಗೆಯುತ್ತಾರೆ. ಆದರೆ ಹೆಸರು ಸಿಕ್ಕಿದ್ದೆಲ್ಲ ತಿನ್ನುವುದಕ್ಕೆ. ಉಳಿದದ್ದೆಲ್ಲ ಒಟ್ಟಾಗಿ ನಾಯಿಕೊಡೆ. ಆ ಒಂದು ಮಾತಿನೊಳಗೆ ನೂರಾರು ಬಗೆಯ ಜೀವಿಗಳನ್ನು ತುಂಬಿ ನಾವು ಮುಂದೆ ನಡೆದುಬಿಟ್ಟಿದ್ದೇವೆ.

ನನ್ನ ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ನಾವು ಮಕ್ಕಳು ತಂದ ಅಣಬೆಯನ್ನು ಮೊದಲು ಮಗುಚಿ ನೋಡುತ್ತಿದ್ದಳು. ಆಮೇಲೆ ಕಾಲಿನ ಬುಡ ನೋಡುತ್ತಿದ್ದಳು, ಬೇರಿನಂಥ ಬಾಲ ಹುತ್ತದೊಳಕ್ಕೆ ಇಳಿದಿತ್ತೋ ಇಲ್ಲವೋ ಎಂದು. ಕೊನೆಗೆ, "ಎಲ್ಲಿ ಸಿಕ್ತು?" ಎಂದು ಕೇಳುತ್ತಿದ್ದಳು. ಮೂರೂ ಸರಿಹೋದರೆ ಮಾತ್ರ ಅಣಬೆ ಒಲೆಯ ಹತ್ತಿರ ಹೋಗುತ್ತಿತ್ತು. ಅಡಿಯಲ್ಲಿ ತೂತು ಕಂಡರೆ, "ಇದು ನಮ್ದಲ್ಲ" ಎಂದು ಹಿತ್ತಲಿಗೆ ಎಸೆಯುತ್ತಿದ್ದಳು. ಮೂವತ್ತು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ, ದಪ್ಪ ಪುಸ್ತಕಗಳನ್ನು ಓದಿ ಈಗ ಹೇಳುತ್ತಿದ್ದೇನೆ: ಅಡಿ, ಬುಡ, ಜಾಗ, ಈ ಮೂರನ್ನು ನೋಡಬೇಕೆಂದು ನನಗೆ ಯಾವ ಪುಸ್ತಕವೂ ಅಮ್ಮನಿಗಿಂತ ಚೆನ್ನಾಗಿ ಕಲಿಸಲಿಲ್ಲ.

ಈಗ ಮಳೆಗಾಲ ಬಂತೆಂದರೆ ನನ್ನ ಫೋನಿಗೆ ಫೋಟೊಗಳು ಬರತೊಡಗುತ್ತವೆ. "ಸರ್, ಇದು ಯಾವ ಅಣಬೆ? ತಿನ್ನಬಹುದಾ?" ಎಲ್ಲವೂ ನಿಂತಲ್ಲಿಂದ, ಮೇಲಿನಿಂದ ತೆಗೆದವು. ಕಂದು ಬಣ್ಣದ ಒಂದು ಟೋಪಿ, ಸುತ್ತ ಎಲೆ. ಟೋಪಿಯ ಬಣ್ಣ ಮಳೆಗೆ ತೊಳೆದುಹೋಗುತ್ತದೆ, ಬಿಸಿಲಿಗೆ ಬಿಳಿಚುತ್ತದೆ, ವಯಸ್ಸಿಗೆ ಮಾಸುತ್ತದೆ. ಒಂದೇ ಜಾತಿಯ ಎರಡು ಅಣಬೆ ಅಕ್ಕಪಕ್ಕ ನಿಂತು ಬೇರೆ ಬಣ್ಣದಲ್ಲಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಅಂಥ ಫೋಟೊ ಕಳಿಸಿದವರಿಗೆ ನನ್ನ ಉತ್ತರ ಯಾವಾಗಲೂ ಒಂದೇ: ಮಗುಚಿ ತೋರಿಸಿ, ಸೀಳಿ ತೋರಿಸಿ, ಯಾವ ಮರದ ಕೆಳಗೆ ಎಂದು ಹೇಳಿ, ಅಲ್ಲಿಯವರೆಗೆ ಬಾಯಿಗೆ ಹಾಕಬೇಡಿ.

ಅಡಿಯಿಂದಲೇ ಶುರುಮಾಡೋಣ. ತೂತುಗಳೆಂದರೆ ಸಣ್ಣ ಸಣ್ಣ ನಳಿಗೆಗಳ ಬಾಯಿ. ಸಾವಿರಾರು ನಳಿಗೆಗಳು ಒತ್ತೊತ್ತಾಗಿ ಟೋಪಿಯ ಕೆಳಗೆ ನೇತುಬಿದ್ದಿರುತ್ತವೆ, ಅವುಗಳ ಒಳಗೋಡೆಯಲ್ಲಿ ಬೀಜಾಣುಗಳು ಹುಟ್ಟಿ ಕೆಳಗೆ ಉದುರುತ್ತವೆ. ಸತ್ತ ಕೊರಡಿನ ಮೇಲೆ ಬೆಳೆಯುವ ಗಟ್ಟಿ, ಚಪ್ಪಟೆ ಅಣಬೆಗಳಿಗೂ ಅಡಿಯಲ್ಲಿ ತೂತಿರುತ್ತದೆ, ಅವು ಬೇರೆ ಪಂಗಡ. ತೂತಣಬೆ ಸಾಮಾನ್ಯವಾಗಿ ನೆಲದಿಂದೆದ್ದದ್ದು, ಮೆತ್ತಗಿನದು, ಕೆಲವೇ ದಿನದಲ್ಲಿ ಹುಳ ಬಿದ್ದು ಕೊಳೆಯುವಂಥದ್ದು. ಉಗುರಿನಿಂದ ಎಬ್ಬಿಸಿದರೆ ನಳಿಗೆಗಳ ಪದರ ಟೋಪಿಯ ತಿರುಳಿನಿಂದ ಬಹುಮಟ್ಟಿಗೆ ಸಲೀಸಾಗಿ ಬಿಟ್ಟುಕೊಳ್ಳುತ್ತದೆ. ತೂತಿನ ಬಾಯಿಯ ಬಣ್ಣ ಬಿಳಿಯೋ, ಹಳದಿಯೋ, ಕೆಂಪೋ, ನಸುಗುಲಾಬಿಯೋ ಎಂದು ಬರೆದುಕೊಳ್ಳಬೇಕು. ಎಳೆಯದರಲ್ಲಿ ಒಂದು ಬಣ್ಣ, ಬಲಿತಾಗ ಇನ್ನೊಂದು. ಹಾಗಾಗಿ ಒಂದನ್ನೇ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ.

ಕಳೆದ ಜುಲೈನಲ್ಲಿ ಸಾಲುಧೂಪದ ಮರವೊಂದರ ಬುಡದಲ್ಲಿ ನೋಡಿದ್ದನ್ನು ಹೇಳುತ್ತೇನೆ. ತೆಂಗಿನ ಗರಟೆಯಷ್ಟು ಅಗಲದ ಟೋಪಿ, ಹಳೆಯ ಹಂಚಿನ ಬಣ್ಣ. ಚಾಕುವನ್ನು ಮಣ್ಣಿಗೆ ಓರೆಯಾಗಿ ಇಳಿಸಿ ಬುಡಸಮೇತ ಎತ್ತಿದೆ. ಅಡಿ ಅರಿಸಿನದ ಹಳದಿ. ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದೆ. ಹತ್ತು ಎಣಿಸುವಷ್ಟರಲ್ಲಿ ನನ್ನ ಬೆರಳಿನ ಗುರುತು ಶಾಯಿ ಚೆಲ್ಲಿದ ಹಾಗೆ ನೀಲಿಯಾಗಿ ಮೂಡಿತು. ನೆತ್ತಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿದೆ. ಒಳಗಿನ ತಿರುಳು ಬೆಣ್ಣೆಯ ಹಳದಿ. ನಳಿಗೆಗಳ ಮೇಲುಗಡೆಯಿಂದ ನೀಲಿ ಮೋಡದಂತೆ ಹಬ್ಬಿ, ಕಾಲಿನ ನಡುವಿನವರೆಗೆ ಇಳಿದು ನಿಂತಿತು, ಬುಡ ಮಾತ್ರ ಹಳದಿಯಾಗೇ ಉಳಿಯಿತು. ನಾನು ಪುಸ್ತಕ ತೆಗೆದು ಬರೆದು ಮುಗಿಸುವಷ್ಟರಲ್ಲಿ ನೀಲಿ ಮಾಸಿ ಬೂದಿಬಣ್ಣಕ್ಕೆ ತಿರುಗಿತ್ತು. ಈ ಕ್ಷಣವನ್ನು ಕಣ್ಣಾರೆ ನೋಡದೆ ಅಣಬೆಯನ್ನು ಚೀಲಕ್ಕೆ ಹಾಕಿ ಮನೆಗೆ ತಂದಿದ್ದರೆ ಗುರುತಿನ ಅರ್ಧ ಕಾಡಿನಲ್ಲೇ ಉಳಿಯುತ್ತಿತ್ತು.

ನೀಲಿಯಾಗುವುದನ್ನು ಕಂಡವರು ಹೆದರುತ್ತಾರೆ. ಹೆದರುವಂಥದ್ದೇನೂ ಅದರಲ್ಲಿಲ್ಲ. ಹೆಚ್ಚಿಟ್ಟ ಬದನೆಕಾಯಿ ಗಾಳಿಗೆ ಕಪ್ಪಾಗುವುದಕ್ಕೂ ಇದಕ್ಕೂ ನೆಂಟಸ್ತಿಕೆ ಇದೆ. ತಿರುಳಿನಲ್ಲಿ ವೇರಿಗ್ಯಾಟಿಕ್ ಆಮ್ಲ, ಜೆರೊಕೊಮಿಕ್ ಆಮ್ಲ ಎಂಬ ಹಳದಿ ವಸ್ತುಗಳಿರುತ್ತವೆ. ಜೀವಕೋಶ ಒಡೆದಾಗ ಕಿಣ್ವಗಳ ಜೊತೆ ಸೇರಿ ಗಾಳಿಯ ಆಮ್ಲಜನಕ ತಗುಲಿದ ಕೂಡಲೇ ಅವು ನೀಲಿಗೆ ತಿರುಗುತ್ತವೆ, ಅಷ್ಟೆ. ನೀಲಿಯಾಗುವುದೆಲ್ಲ ವಿಷ ಎಂಬ ಮಾತು ಸುಳ್ಳು, ನೀಲಿಯಾಗದ್ದೆಲ್ಲ ಒಳ್ಳೆಯದು ಎಂಬ ಮಾತು ಅದಕ್ಕಿಂತ ಅಪಾಯದ ಸುಳ್ಳು. ಬೆಳ್ಳಿಯ ನಾಣ್ಯ ಹಾಕಿ ಕುದಿಸಿದರೆ ವಿಷದ ಅಣಬೆ ಅದನ್ನು ಕಪ್ಪಾಗಿಸುತ್ತದೆ, ಹುಳ ತಿಂದ ಅಣಬೆಯನ್ನು ಮನುಷ್ಯನೂ ತಿನ್ನಬಹುದು, ಇವೆಲ್ಲವೂ ಅದೇ ಜಾತಿಯ ಮಾತು. ಇಂಥ ಮಾತನ್ನು ನಂಬಿ ಜನ ಪ್ರಾಣ ಕಳೆದುಕೊಂಡಿದ್ದಾರೆ.

ಯುರೋಪಿನಲ್ಲಿ ಎರಡು ಅಣಬೆಗಳ ಜೋಡಿಯೊಂದನ್ನು ಈ ವಿದ್ಯೆ ಕಲಿಯುವವರಿಗೆಲ್ಲ ಮೊದಲ ಪಾಠವಾಗಿ ಹೇಳಿಕೊಡುತ್ತಾರೆ. ಒಂದು ಬೊಲೀಟಸ್ ಎಡ್ಯುಲಿಸ್. 1782ರಲ್ಲಿ ಫ್ರಾನ್ಸಿನ ಪಿಯರ್ ಬ್ಯುಲ್ಯಾರ್ ಹೆಸರಿಸಿದ್ದು. ಇಟಲಿಯವರ ಪೊರ್ಚೀನಿ, ಜರ್ಮನರ ಸ್ಟೈನ್‌ಪಿಲ್ಟ್ಸ್, ರಷ್ಯನ್ನರ ಬಿಳಿ ಅಣಬೆ ಎಲ್ಲವೂ ಇದೇ. ಇನ್ನೊಂದು ಟೈಲೊಪೈಲಸ್ ಫೆಲಿಯಸ್. ಮೇಲಿನಿಂದ ನೋಡಿದರೆ ಅಣ್ಣತಮ್ಮಂದಿರ ಹಾಗೆ. ಎರಡಕ್ಕೂ ಕಂದು ಟೋಪಿ, ಎರಡಕ್ಕೂ ದಪ್ಪ ಕಾಲು, ಎರಡೂ ಸೀಳಿದರೆ ನೀಲಿಯಾಗುವುದಿಲ್ಲ. ಕಾಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಕು. ಎಡ್ಯುಲಿಸ್‌ನ ಕಾಲಿನ ಮೇಲ್ಭಾಗದಲ್ಲಿ ಬಿಳಿಯ ನೂಲಿನಿಂದ ನೇಯ್ದಂಥ ಸಣ್ಣ ಬಲೆ. ಫೆಲಿಯಸ್‌ನ ಕಾಲಿನಲ್ಲಿ ಗಾಢ ಕಂದಿನ ಒರಟು ಬಲೆ. ಒಂದರ ಅಡಿ ಎಳೆಯದರಲ್ಲಿ ಬಿಳಿ, ಬಲಿತಾಗ ಹಸಿರು ಬೆರೆತ ಹಳದಿ. ಇನ್ನೊಂದರದ್ದು ಬಲಿತಂತೆ ನಸುಗುಲಾಬಿ. ತಪ್ಪಿ ಒಂದು ಫೆಲಿಯಸ್ ಪಾತ್ರೆಗೆ ಬಿದ್ದರೆ ಅಡುಗೆಯೆಲ್ಲ ಹಾಗಲಕಾಯಿಯನ್ನೂ ಮೀರಿಸುವ ಕಹಿ. ಅದೃಷ್ಟಕ್ಕೆ ಇಲ್ಲಿ ತಪ್ಪಿಗೆ ಶಿಕ್ಷೆ ಕಹಿ ಮಾತ್ರ. ಎಲ್ಲ ಕಡೆ ಹಾಗಿಲ್ಲ. ಜರ್ಮನಿಯ ಹಾರಾಲ್ಡ್ ಒಥ್ಮಾರ್ ಲೆಂಟ್ಸ್ 1831ರಲ್ಲಿ ಸೈತಾನನ ಹೆಸರಿಟ್ಟ ತೂತಣಬೆಯೊಂದಿದೆ. ಈಗ ಅದನ್ನು ರೂಬ್ರೊಬೊಲೀಟಸ್ ಸೇಟನಾಸ್ ಎನ್ನುತ್ತಾರೆ. ಟೋಪಿ ಸುಣ್ಣದಂಥ ಬಿಳಿಚು, ತೂತಿನ ಬಾಯಿ ರಕ್ತಗೆಂಪು. ತಿಂದವರಿಗೆ ವಾಂತಿಭೇದಿ ನಿಲ್ಲುವುದಿಲ್ಲ.

ಬೀಜಾಣುವಿನ ಬಣ್ಣ ನೋಡುವುದಕ್ಕೆ ಸೂಕ್ಷ್ಮದರ್ಶಕ ಬೇಡ. ಟೋಪಿಯನ್ನು ಕಾಲಿನಿಂದ ಕತ್ತರಿಸಿ ಬಿಳಿ ಕಾಗದದ ಮೇಲೆ ಬೋರಲು ಇಟ್ಟು, ಮೇಲೊಂದು ಬಟ್ಟಲು ಮುಚ್ಚಿ ರಾತ್ರಿ ಬಿಟ್ಟುಬಿಡಿ. ಬೆಳಿಗ್ಗೆ ಬಟ್ಟಲು ಎತ್ತಿದರೆ ಕಾಗದದ ಮೇಲೆ ಪುಡಿಯ ಅಚ್ಚು ಇರುತ್ತದೆ. ಬಹಳಷ್ಟು ತೂತಣಬೆಗಳದ್ದು ಹಸಿರು ಬೆರೆತ ಕಂದು. ಟೈಲೊಪೈಲಸ್‌ನದ್ದು ಗುಲಾಬಿಯ ಛಾಯೆ. ಮೈತುಂಬ ಕಪ್ಪು ಉಣ್ಣೆ ಹೊದ್ದಂತೆ ಕಾಣುವ ಸ್ಟ್ರೊಬಿಲೊಮೈಸಿಸ್ ಎಂಬುದರ ಅಚ್ಚು ಕಾಡಿಗೆಯ ಕಪ್ಪು, ಅದನ್ನು ಸೀಳಿದರೆ ತಿರುಳು ಮೊದಲು ಕೆಂಪಾಗಿ ಆಮೇಲೆ ಕಪ್ಪಾಗುತ್ತದೆ. ಶಾಲೆಯ ಮಕ್ಕಳಿಗೆ ಈ ಅಚ್ಚು ತೆಗೆಯುವ ಕೆಲಸ ಕೊಟ್ಟು ನೋಡಿ. ಮರುದಿನ ಅವರು ಶಾಲೆಗೆ ಓಡಿಬರುವ ವೇಗ ನೋಡಿದ ಮೇಲೆ ನೀವೇ ನನ್ನ ಮಾತು ಒಪ್ಪುತ್ತೀರಿ.

ಇನ್ನು ಜಾಗದ ಮಾತು. ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಯಾಕೆಂದರೆ ನಾನು ತಪ್ಪು ಮಾಡಿ ಕಲಿತದ್ದು ಇಲ್ಲೇ. ಸ್ನಾತಕೋತ್ತರ ಓದುವಾಗ ಘಟ್ಟದ ಕಾಡೊಂದರಿಂದ ಎರಡು ದಿನ ನೆನೆದುಕೊಂಡು ಮೂವತ್ತು ಅಣಬೆ ತಂದಿದ್ದೆ. ಎಲ್ಲವನ್ನೂ ಕಾಲು ಮುರಿದು ಕಿತ್ತಿದ್ದೆ, ಒಂದರ ಬುಡವೂ ಇರಲಿಲ್ಲ. ಯಾವುದು ಯಾವ ಮರದ ಕೆಳಗಿತ್ತು ಎಂದು ಬರೆದಿರಲಿಲ್ಲ. ಮೇಷ್ಟರು ಒಂದೊಂದನ್ನೇ ಎತ್ತಿ ನೋಡಿ, "ಮರ ಯಾವುದು?" ಎಂದು ಕೇಳಿದರು. ಮೂವತ್ತು ಸಲ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಆ ಮೂವತ್ತೂ ಗೊಬ್ಬರದ ಗುಂಡಿ ಸೇರಿದವು.

ಮರ ಯಾಕೆ ಮುಖ್ಯ? ಬಹುಪಾಲು ತೂತಣಬೆಗಳು ಒಂಟಿಯಾಗಿ ಬದುಕುವುದಿಲ್ಲ. ನೆಲದಡಿಯಲ್ಲಿ ಅವುಗಳ ನೂಲುಗಳು ಮರದ ಎಳೆಯ ಬೇರಿನ ತುದಿಗೆ ಕಾಲುಚೀಲದಂತೆ ಸುತ್ತಿಕೊಳ್ಳುತ್ತವೆ. ಮರ ಸಕ್ಕರೆ ಕೊಡುತ್ತದೆ, ಅಣಬೆ ಮಣ್ಣಿನಿಂದ ರಂಜಕ, ಸಾರಜನಕ, ನೀರನ್ನು ಹೀರಿ ಕೊಡುತ್ತದೆ. ಈ ಕೂಡುಬಾಳಿಗೆ ಮೈಕೊರೈಜ ಎಂದು 1885ರಲ್ಲಿ ಹೆಸರಿಟ್ಟವನು ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್. ಎಲ್ಲ ಮರಗಳೂ ಎಲ್ಲ ಅಣಬೆಗಳ ಜೊತೆ ಕೂಡುವುದಿಲ್ಲ. ದಕ್ಷಿಣ ಆಫ್ರಿಕಕ್ಕೆ ಪೈನ್ ಮರಗಳು ಹೋದಾಗ ಬೊಲೀಟಸ್ ಎಡ್ಯುಲಿಸ್ ಕೂಡ ಹಿಂದೆಯೇ ಹೋಗಿ ನೆಲೆಸಿತು. ದಕ್ಷಿಣ ಭಾರತದ ಬೆಟ್ಟಗಳಲ್ಲಿ ನೆಟ್ಟ ಪೈನ್ ತೋಪುಗಳಲ್ಲಿ ಕಾಣುವ ಲೋಳೆಮೈಯ ಸುಯಿಲಸ್ ಅಣಬೆಗಳೂ ಹಾಗೆ ಮರದ ಬೆನ್ನು ಹಿಡಿದು ಬಂದವೇ.

ನಮ್ಮ ಘಟ್ಟದ ಕಾಡಿನ ಬಹುತೇಕ ಮರಗಳು ಕೂಡುವುದು ಬೇರೆ ಜಾತಿಯ, ಮೇಲೆ ಅಣಬೆ ಬಿಡದ ಶಿಲೀಂಧ್ರಗಳ ಜೊತೆ. ತೂತಣಬೆಗಳ ಜೊತೆ ಕೂಡುವುದು ಮುಖ್ಯವಾಗಿ ಡಿಪ್ಟೆರೊಕಾರ್ಪ್ ಕುಟುಂಬದ ಮರಗಳು, ಅಂದರೆ ಸಾಲುಧೂಪ, ಹೈಗ, ಕಿರಾಲುಬೋಗಿ ಇಂಥವು. ಕೊಡಗಿನ ಉಪ್ಪಂಗಳದ ಕಾಡಿನಲ್ಲಿ ಇಂಥ ಮರಗಳೇ ತುಂಬಿವೆ. ಮದ್ರಾಸ್ ವಿಶ್ವವಿದ್ಯಾಲಯದ ಕೆ. ನಟರಾಜನ್ ಮತ್ತು ಸಂಗಡಿಗರು ಘಟ್ಟದ ಡಿಪ್ಟೆರೊಕಾರ್ಪ್ ಕಾಡಿನ ಬೇರುಸಂಗಾತಿ ಅಣಬೆಗಳನ್ನು ಪಟ್ಟಿಮಾಡಿ 2005ರಲ್ಲಿ ಪ್ರಕಟಿಸಿದರು. ಮಂಗಳೂರು ವಿಶ್ವವಿದ್ಯಾಲಯದ ಕೆ. ಆರ್. ಶ್ರೀಧರ್ ಮತ್ತು ಅವರ ವಿದ್ಯಾರ್ಥಿಗಳು ಕರಾವಳಿ, ಕೊಡಗಿನ ಅಣಬೆಗಳ ಬಗ್ಗೆ ವರ್ಷಗಟ್ಟಲೆ ದುಡಿದಿದ್ದಾರೆ. ಮಲಯದ ಇದೇ ಕುಟುಂಬದ ಮರಗಳಿರುವ ಕಾಡಿನ ತೂತಣಬೆಗಳ ಮೇಲೆ ಇ. ಜೆ. ಎಚ್. ಕಾರ್ನರ್ 1972ರಲ್ಲೇ ದೊಡ್ಡ ಗ್ರಂಥ ಬರೆದರು. ನಮ್ಮ ಕಾಡಿನ ತೂತಣಬೆಗೆ ಅಂಥ ಒಂದು ಗ್ರಂಥ ಕನ್ನಡದಲ್ಲಿ ಬರಬೇಕು. ಧೂಪದ ಮರ ಉರುಳಿದ ಕಡೆ ಅದರ ಬೇರಿನ ಸಂಗಾತಿಗಳೂ ಹೋಗುತ್ತವೆ, ಹೆಸರಿಡುವ ಮೊದಲೇ ಹೋಗುತ್ತವೆ. ಇದು ನನ್ನನ್ನು ನಿದ್ದೆಗೆಡಿಸುವ ಸಂಗತಿ.

ತುಳುನಾಡಿನವರಿಗೆ ಒಂದು ಮಾತು ಹೇಳಲೇಬೇಕು. ನೀವು ಮೊದಲ ಮಳೆಗೆ ಇಷ್ಟಪಟ್ಟು ತಿನ್ನುವ ಕಲ್ಲಲಾಂಬಿಗೆ ಟೋಪಿಯಿಲ್ಲ, ಕಾಲಿಲ್ಲ, ತೂತೂ ಇಲ್ಲ, ಗೋಲಿಯ ಹಾಗೆ ಗುಂಡಗಿದೆ. ಆದರೂ ವಂಶ ಹುಡುಕಿದರೆ ಅದು ಆಸ್ಟ್ರಿಯಸ್ ಕುಲದ್ದು, ತೂತಣಬೆಗಳ ಗಣಕ್ಕೇ ಸೇರಿದ್ದು. ಅಡುಗೆಮನೆಗೆ ಬಾರದವು ಎಂದೆನಲ್ಲ, ಅವುಗಳ ದಾಯಾದಿಯೊಂದು ಎಂದಿನಿಂದಲೋ ನಿಮ್ಮ ಒಲೆಯ ಮೇಲೆ ಬೇಯುತ್ತಿದೆ. ಹೊರರೂಪ ನೋಡಿ ನೆಂಟಸ್ತಿಕೆ ಹೇಳುವುದು ಕಷ್ಟ. ಇದಕ್ಕೆ ತಿರುಗುಮುರುಗಾದದ್ದೂ ಉಂಟು. ಫಿಲ್ಲೊಪೋರಸ್ ಎಂಬುದಕ್ಕೆ ಅಡಿಯಲ್ಲಿ ಹಳದಿ ಕಿವಿರುಗಳೇ ಇವೆ, ತೂತಿಲ್ಲ, ಆದರೂ ಅದು ತೂತಣಬೆಯ ಮನೆಯದ್ದೇ. ಅಮ್ಮನ ಮೂರು ಪ್ರಶ್ನೆಗೂ ಜಗ್ಗದ ಇಂಥವಕ್ಕೆ ಈಗ ಡಿಎನ್‌ಎ ನೋಡುತ್ತಾರೆ.

ಡಿಎನ್‌ಎಯ ಮಾತು ಬಂದದ್ದರಿಂದ ನನಗೆ ಬಹಳ ಪ್ರಿಯವಾದ ಒಂದು ಘಟನೆ. ಲಂಡನ್ನಿನ ಅಂಗಡಿಯೊಂದರಿಂದ ಒಣಗಿಸಿದ ಪೊರ್ಚೀನಿಯ ಒಂದು ಪೊಟ್ಟಣ ಕೊಂಡು, ಅದರೊಳಗಿನ 15 ಚೂರುಗಳ ಡಿಎನ್‌ಎಯನ್ನು ಕ್ಯೂ ಸಸ್ಯೋದ್ಯಾನದ ಬ್ರಿನ್ ಡೆಂಟಿಂಜರ್ ಮತ್ತು ಲಾರಾ ಸುಸ್ ಪರೀಕ್ಷಿಸಿದರು. ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಆ 15 ಚೂರುಗಳಲ್ಲಿ ಮೂರು ಜಾತಿಗಳಿದ್ದವು, ಮೂರಕ್ಕೂ ಅಲ್ಲಿಯವರೆಗೆ ಶಾಸ್ತ್ರೀಯ ಹೆಸರೇ ಇರಲಿಲ್ಲ. ಅಣಬೆ ಬಂದದ್ದು ಚೀನಾದಿಂದ. ಅಲ್ಲಿಯ ಯುನ್ನಾನ್ ಪ್ರಾಂತದಲ್ಲಿ ತೂತಣಬೆಗೆ ದನದ ಪಿತ್ತಜನಕಾಂಗದ ಅಣಬೆ ಎಂಬ ಅರ್ಥದ ಹೆಸರಿದೆ, ಹೆಚ್ಚಿದರೆ ಹಾಗೆ ಕಾಣುತ್ತದೆ ಎಂದು. ವಿಜ್ಞಾನಿಗಳು ಹೊಸ ಜಾತಿಗಳಿಗೆ ಹೆಸರಿಡುವಾಗ ಲ್ಯಾಟಿನ್ ಹುಡುಕಲಿಲ್ಲ, ಚೀನೀ ಮಾತುಗಳನ್ನೇ ತೆಗೆದುಕೊಂಡರು: ಬೊಲೀಟಸ್ ಬೈನಿಯುಗನ್, ಬೊಲೀಟಸ್ ಮೈವೈನಿಯುಗನ್‌ಜುನ್, ಬೊಲೀಟಸ್ ಶಿಯೊಂಗ್.

ಅದೇ ಯುನ್ನಾನಿನಲ್ಲಿ ಮುಟ್ಟಿದರೆ ನೀಲಿಯಾಗುವ ತೂತಣಬೆಗಳಿಗೆ ಕೈ ಸೋಕಿದರೆ ನೀಲಿ ಎಂಬರ್ಥದ ಹೆಸರಿದೆ. ಚೆನ್ನಾಗಿ ಬೇಯಿಸಿ ತಿನ್ನುತ್ತಾರೆ. ಅರೆಬೆಂದದ್ದು ಹೊಟ್ಟೆಗೆ ಹೋದರೆ ಕೆಲವರಿಗೆ ಗೋಡೆಯ ಮೇಲೆ, ಮೇಜಿನ ಮೇಲೆ ಬೆರಳುದ್ದದ ಮನುಷ್ಯರು ಓಡಾಡುವುದು ಕಾಣುತ್ತದೆ, ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಅಂಥ ಒಂದು ಅಣಬೆಗೆ ಲನ್ಮಾವೋವಾ ಏಷ್ಯಾಟಿಕಾ ಎಂದು ಹೆಸರಾಗಿದೆ. 15ನೆಯ ಶತಮಾನದಲ್ಲಿ ಯುನ್ನಾನಿನ ಔಷಧಿಗಳ ಬಗ್ಗೆ ಗ್ರಂಥ ಬರೆದ ಲಾನ್ ಮಾವೋ ಎಂಬ ವಿದ್ವಾಂಸನ ನೆನಪಿಗೆ ಆ ಹೆಸರು. ಜನ ತಿನ್ನುವುದರ ಜೊತೆಗೆ ಬರೆದಿಟ್ಟರು, ಬರೆದಿಟ್ಟದ್ದರಿಂದ ಶಾಸ್ತ್ರಕ್ಕೆ ಆ ಹೆಸರು ಸಿಕ್ಕಿತು.

ನಮ್ಮ ದೇಶದ ಕಥೆ ಬೇರೆ ರೀತಿ ಶುರುವಾಯಿತು. ಜೋಸೆಫ್ ಹೂಕರ್ ಸಿಕ್ಕಿಂ ಹಿಮಾಲಯದಲ್ಲಿ ಸಂಗ್ರಹಿಸಿದ ಅಣಬೆಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ಮೈಲ್ಸ್ ಬರ್ಕ್‌ಲಿ 1851ರಲ್ಲಿ ಬೊಲೀಟಸ್ ಎಮೊಡೆನ್ಸಿಸ್ ಎಂಬುದನ್ನು ವಿವರಿಸಿದ. ಹಿಮಾಲಯಕ್ಕೆ ಗ್ರೀಕರು ಬಳಸುತ್ತಿದ್ದ ಹಳೆಯ ಹೆಸರಿನಿಂದ ಬಂದ ಮಾತು ಅದು. ಬೆಟ್ಟದ ಜನ ಆ ಅಣಬೆಯನ್ನು ಏನೆಂದು ಕರೆಯುತ್ತಿದ್ದರೋ ಆ ಮಾತು ಹೆಸರಿನೊಳಗೆ ಬರಲಿಲ್ಲ. ಈಗ ಭಾರತೀಯ ಸಸ್ಯ ಸರ್ವೇಕ್ಷಣೆಯ ಕಣದ್ ದಾಸ್ ಮತ್ತು ಸಂಗಡಿಗರು ಹಿಮಾಲಯದ ತೂತಣಬೆಗಳನ್ನು ಒಂದೊಂದಾಗಿ ವಿವರಿಸುತ್ತಿದ್ದಾರೆ. ಅಂಥ ಕೆಲಸ ನಮ್ಮ ಘಟ್ಟದಲ್ಲೂ ನಡೆದು ಹೊಸ ಜಾತಿ ಸಿಕ್ಕಾಗ, ಅದಕ್ಕೆ ಇಡಲು ಒಂದು ಕನ್ನಡದ, ತುಳುವಿನ, ಕೊಡವರ ಮಾತು ತಯಾರಿರಬೇಕು ಎಂಬುದು ನನ್ನ ಆಸೆ. ಅದು ಪ್ರಯೋಗಾಲಯದಲ್ಲಿ ಹುಟ್ಟುವುದಿಲ್ಲ. ಧೂಪದ ಮರದ ಕೆಳಗೆ ದನ ಮೇಯಿಸುವವರ, ಸೊಪ್ಪು ಸೌದೆ ತರುವವರ ಬಾಯಲ್ಲಿ ಇರಬಹುದು. ಅವರನ್ನು ಕೇಳಿದವರು ಕಡಿಮೆ.

ತಿನ್ನುವ ವಿಷಯಕ್ಕೆ ಒಂದೇ ಮಾತು ಹೇಳಿ ಮುಗಿಸುತ್ತೇನೆ. ನಮ್ಮ ಘಟ್ಟದ ತೂತಣಬೆಗಳಲ್ಲಿ ಇಂಥದ್ದು ಸುರಕ್ಷಿತ ಎಂದು ಈ ವೇದಿಕೆಯಿಂದ ನಾನು ಹೇಳುವುದಿಲ್ಲ. ಯುರೋಪಿನ ಪುಸ್ತಕದ ಚಿತ್ರಕ್ಕೆ ನಮ್ಮ ಹೈಗದ ಕೆಳಗಿನ ಅಣಬೆಯನ್ನು ಹೋಲಿಸಿ ಒಲೆ ಹಚ್ಚಬೇಡಿ. ಅಲ್ಲಿಯ ಮರ ಬೇರೆ, ಇಲ್ಲಿಯ ಮರ ಬೇರೆ, ಅಣಬೆಯೂ ಬೇರೆ. ಫೋನಿನ ಆ್ಯಪ್ ಹೇಳಿದ ಹೆಸರನ್ನು ನಂಬಿಯೂ ತಿನ್ನಬೇಡಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಏನನ್ನೂ ಕೀಳುವಂತಿಲ್ಲ ಎಂಬುದೂ ನೆನಪಿರಲಿ. ಹೋಗಲು ಅನುಮತಿ ಇರುವ ಕಡೆ ನೋಡಿ, ಫೋಟೊ ತೆಗೆದು, ಬರೆದುಕೊಂಡು ಬರುವುದಕ್ಕೆ ಅಡ್ಡಿಯಿಲ್ಲ.

ಸಭೆಯಲ್ಲಿ ಮೇಷ್ಟರುಗಳಿದ್ದೀರಿ, ಕಾಡಂಚಿನ ಊರುಗಳಿಂದ ಬಂದವರಿದ್ದೀರಿ. ನಿಮ್ಮ ತೋಟದಲ್ಲಿ, ಬೇಲಿಯಂಚಿನಲ್ಲಿ, ರಸ್ತೆಬದಿಯ ಧೂಪದ ಸಾಲಿನಲ್ಲಿ ಈ ಮಳೆಗಾಲ ಒಂದೇ ಒಂದು ತೂತಣಬೆಯನ್ನು ಹುಡುಕಿ. ಬುಡಸಮೇತ ಎತ್ತಿ, ಮಗುಚಿ, ಸೀಳಿ, ಬಣ್ಣ ಬದಲಾಗುವುದನ್ನು ಗಡಿಯಾರ ಹಿಡಿದು ನೋಡಿ. ಮರದ ಹೆಸರು, ದಿನಾಂಕ, ಊರು ಬರೆಯಿರಿ. ಮನೆಯ ಹಿರಿಯರಿಗೆ ತೋರಿಸಿ, "ಇದಕ್ಕೆ ನೀವು ಏನಂತೀರಿ?" ಎಂದು ಕೇಳಿ, ಅವರು ಹೇಳಿದ ಮಾತನ್ನು ಅವರ ಉಚ್ಚಾರದಲ್ಲೇ ಬರೆದುಕೊಳ್ಳಿ. ಬಾಗಿಲ ಬಳಿಯ ಮೇಜಿನ ಮೇಲೆ ಒಂದು ನೋಟುಪುಸ್ತಕ ಇಟ್ಟಿದ್ದೇನೆ. ಹೋಗುವ ಮುನ್ನ ನಿಮ್ಮ ಊರಿನ ಅಣಬೆಯ ಹೆಸರುಗಳನ್ನು ಅದರಲ್ಲಿ ಬರೆದು ಹೋಗಿ.